ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತಾ? ಒಂಬತ್ತನೇ ತರಗತಿಯಲ್ಲಿ ತತ್ವಶಾಸ್ತ್ರ

ಹೈಸ್ಕೂಲು ಮಕ್ಕಳಿಗೆ ತತ್ವಶಾಸ್ತ್ರ ಹೇಳಿಕೊಡುವಾಗ ನಾನು ಅದ್ವೈತ ಎಂದರೇನು, ಸಾಕ್ರೆಟಿಸ್ ಯಾರು ಎಂದು ಶುರು ಮಾಡುವುದಿಲ್ಲ. ಬಾಯಿಪಾಠ ಮಾಡುವ ವಿಷಯ ಇನ್ನೊಂದು ಜಾಸ್ತಿಯಾಗುತ್ತದೆ, ಅಷ್ಟೇ. ಒಂದು ವಾದವನ್ನು ಮುಂದಿಡುತ್ತೇನೆ. ನನಗೆ ತುಂಬಾ ಇಷ್ಟವಾದದ್ದು ನೈಯಾಯಿಕರ, ಅಂದರೆ ನಮ್ಮ ಹಳೆಯ ತರ್ಕವಾದ ನ್ಯಾಯಶಾಸ್ತ್ರದ ಪಂಡಿತರ, ಉದಾಹರಣೆ: ಬೆಟ್ಟದ ಮೇಲೆ ಹೊಗೆ ಕಾಣುತ್ತಿದೆ, ಹಾಗಾಗಿ ಅಲ್ಲಿ ಬೆಂಕಿ ಇದೆ.

ಬೋರ್ಡಿನ ಮೇಲೆ ಇಷ್ಟು ಬರೆದು "ಒಪ್ತೀರಾ?" ಎಂದು ಕೇಳುತ್ತೇನೆ. ಎಲ್ಲರೂ ಒಪ್ಪುತ್ತಾರೆ. ಆಗ ಕಣ್ಣಾರೆ ಕಂಡದ್ದನ್ನು ಮಾತ್ರ ನಂಬಿ, ಊಹೆಯನ್ನು ಒಪ್ಪದ ಚಾರ್ವಾಕರ ಪರವಾಗಿ ನಿಲ್ಲುತ್ತೇನೆ. "ಲೋಕದಲ್ಲಿರೋ ಹೊಗೆಯನ್ನೆಲ್ಲ ನೋಡಿದ್ದೀರಾ? ನೋಡದೇ ಹೇಗೆ ಹೇಳ್ತೀರಿ?" ಅಲ್ಲಿಂದ ತರಗತಿ ಎರಡು ಪಕ್ಷವಾಗುತ್ತದೆ. "ಅಡುಗೆಮನೇಲಿ ದಿನಾ ನೋಡ್ತೀವಲ್ಲ ಮಿಸ್" ಎನ್ನುತ್ತಾನೆ ಒಬ್ಬ. ನೈಯಾಯಿಕರು ಕೊಡುತ್ತಿದ್ದ ಉದಾಹರಣೆಯೂ ಅಡುಗೆಮನೆಯೇ! "ದೂರದಿಂದ ಮಂಜೂ ಹೊಗೆ ಥರಾನೇ ಕಾಣುತ್ತೆ" ಎನ್ನುತ್ತಾಳೆ ಇನ್ನೊಬ್ಬಳು.

ಆಮೇಲೆ ಮಾತನ್ನು ತಿರುಗಿಸುತ್ತೇನೆ. ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುತ್ತಾ? ಗ್ಯಾಸ್ ಒಲೆ ತಕ್ಷಣ ನೆನಪಿಗೆ ಬರುತ್ತದೆ. ಹಳಬರು ಹೇಳಿದ್ದು ಕೆಂಪಗೆ ಕಾದ ಕಬ್ಬಿಣದ ಗುಂಡು. ಹಾಗಾದರೆ ಹೊಗೆ ಬರಲು ಇನ್ನೇನು ಬೇಕು? ಇಲ್ಲಿ ನಾನು ಸುಮ್ಮನಿರುತ್ತೇನೆ. ಹಳ್ಳಿಯಿಂದ ಬರುವ ಮಕ್ಕಳು ಬೇಗ ಹೇಳುತ್ತಾರೆ: ಹಸಿ ಸೌದೆ. ನ್ಯಾಯಶಾಸ್ತ್ರ ಹೇಳುವುದೂ ಅದನ್ನೇ. ಪುಸ್ತಕ ತೆರೆಯದೇ ಮಕ್ಕಳು ಅಲ್ಲಿಗೆ ಮುಟ್ಟಿರುತ್ತಾರೆ. ಆ ಗಳಿಗೆಗಾಗಿಯೇ ನಾನು ಈ ಪಾಠ ಮಾಡುವುದು.

ಹೆಸರುಗಳನ್ನು ವಾದ ಮುಗಿದ ಮೇಲೆ ಹೇಳುತ್ತೇನೆ. 18ನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ ಕೇಳಿದ್ದೂ ಚಾರ್ವಾಕರ ಪ್ರಶ್ನೆಗೆ ಹತ್ತಿರದ್ದೇ ಎಂದಾಗ ಮಕ್ಕಳ ಕಿವಿ ನೆಟ್ಟಗಾಗುತ್ತದೆ.

ನಿಯಮ ಒಂದೇ. ಎದುರಿನವರು ಹೇಳಿದ್ದನ್ನು ಮೊದಲು ನಿಮ್ಮ ಮಾತಿನಲ್ಲಿ ಹೇಳಿ, ಅವರು "ಹೌದು, ನಾನು ಹೇಳಿದ್ದು ಇದೇ" ಅನ್ನಬೇಕು. ಆಮೇಲೆ ನಿಮ್ಮ ಉತ್ತರ. ನಮ್ಮ ಶಾಸ್ತ್ರಕಾರರು ಪೂರ್ವಪಕ್ಷ ಅಂತ ಮಾಡುತ್ತಿದ್ದದ್ದು ಇದನ್ನೇ. ಶುರುವಿನಲ್ಲಿ ಕಷ್ಟ, ಕೂಗಾಟ ಇರುತ್ತದೆ. ಆದರೆ ಈ ನಿಯಮವನ್ನು ಮಾತ್ರ ಸಡಿಲ ಮಾಡಬೇಡಿ. ಜೋರು ಬಾಯಿಯವರು ಕೇಳಿಸಿಕೊಳ್ಳಲೇಬೇಕಾಗುತ್ತದೆ, ಮೆತ್ತಗಿನವರ ಮಾತೂ ತರಗತಿಗೆ ತಲುಪುತ್ತದೆ. ಬಾಯಿಬಿಡಲು ಹೆದರುವವರು ಚೀಟಿಯಲ್ಲಿ ಪ್ರಶ್ನೆ ಬರೆದು ಕೊಡುತ್ತಾರೆ. ಅಂಕ ಕೊಡುವುದಿಲ್ಲ. ಕೊಟ್ಟರೆ ಎಲ್ಲರೂ ನನ್ನ ಉತ್ತರವನ್ನೇ ಹುಡುಕುತ್ತಾರೆ, ಅಲ್ವಾ?

ಈ ಪಾಠದ ಬಿಸಿ ವಿಜ್ಞಾನದ ಪಿರಿಯಡ್ಡಿಗೂ ತಾಗುತ್ತದೆ. ಕಾಯಿಸಿದರೆ ವಸ್ತುಗಳು ಹಿಗ್ಗುತ್ತವೆ ಎಂದು ವಿಜ್ಞಾನದ ಮೇಷ್ಟ್ರು ಹೇಳಿದಾಗ ಮಕ್ಕಳು "ಎಲ್ಲಾನೂನಾ ಸಾರ್?" ಎಂದು ಕೇಳಿದರಂತೆ. ಅವರೂ ಖುಷಿಯಿಂದ ನೀರಿನ ವಿಷಯ ತೆಗೆದರು. 0ಯಿಂದ 4 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ನೀರು ಕುಗ್ಗುತ್ತದೆ.