ಅಪ್ಪ ರಾತ್ರಿ ಎಷ್ಟು ಸಲ ಎದ್ದರು? ಸೆನ್ಸರ್ ಇಟ್ಟು ನೋಡುವುದು ಹೀಗೆ

ಮೂಡಿಗೆರೆ ಕಡೆಯ ನಮ್ಮ ಹಳೇ ಮನೆಯಲ್ಲಿ ಅಪ್ಪ ಮಂಚದಿಂದ ಎದ್ದು ಬಚ್ಚಲಿಗೆ ಹೋಗಬೇಕಾದರೆ ಎರಡು ಹೊಸ್ತಿಲು ದಾಟಬೇಕು. ಅಪ್ಪನಿಗೆ ಪಾರ್ಕಿನ್ಸನ್, ಅಂದರೆ ಮೈಯ ಚಲನೆ ನಿಧಾನ ಮಾಡುವ ಮೆದುಳಿನ ಕಾಯಿಲೆ. ಅದು ಇದ್ದ ತುಂಬಾ ಜನರಿಗೆ ಬಾಗಿಲ ಹತ್ತಿರ, ಇಕ್ಕಟ್ಟಿನಲ್ಲಿ, ತಿರುಗುವಾಗ ಕಾಲು ನೆಲಕ್ಕೆ ಅಂಟಿಕೊಂಡ ಹಾಗೆ ನಿಂತುಬಿಡುತ್ತದೆ. ಮೈ ಮಾತ್ರ ಮುಂದೆ ವಾಲುತ್ತದೆ.

ಸೆನ್ಸರ್ ತರುವ ಮುಂಚೆ ಒಂದು ದಿನ ಸುಮ್ನೆ ಅವರ ಜೊತೆ ಓಡಾಡಿ. ಎಲ್ಲಿ ನಿಲ್ಲುತ್ತಾರೆ, ಯಾವ ಗೋಡೆ ಹಿಡಿಯುತ್ತಾರೆ, ಬರೆದುಕೊಳ್ಳಿ. ಅವರ ಒಪ್ಪಿಗೆ ಕೇಳಿ. ಮಲಗುವ ಕೋಣೆಗೆ ಕ್ಯಾಮೆರಾ ಅಂದರೆ ಯಾರಿಗೆ ಇಷ್ಟ ಆಗುತ್ತದೆ? ಚಲನೆ ಗುರುತಿಸುವ ಸೆನ್ಸರ್‌ಗೆ ಮುಖ ಕಾಣುವುದಿಲ್ಲ, ಮೈ ಶಾಖ ಅತ್ತಿತ್ತ ಸರಿಯುವುದಷ್ಟೇ ತಿಳಿಯುತ್ತದೆ.

ಮೂರು ಸಾಕು. ಒಂದು ಮಂಚದ ಪಕ್ಕ, ಕಾಲು ಕೆಳಗಿಟ್ಟಾಗ ಮಾತ್ರ ಸಿಗುವಷ್ಟು ತಗ್ಗಿನಲ್ಲಿ. ಇನ್ನೊಂದು ನಡುವಿನ ದಾರಿಗೆ. ಬಚ್ಚಲ ಬಾಗಿಲಿಗೆ ತೆರೆದದ್ದು, ಮುಚ್ಚಿದ್ದು ಹೇಳುವ ಡೋರ್ ಸೆನ್ಸರ್. ಹಂಡೆ ಒಲೆಯ ಎದುರು, ಬಿಸಿಲು ಬೀಳುವ ಕಡೆ ಚಲನೆಯ ಸೆನ್ಸರ್ ಇಡಬೇಡಿ, ಲೆಕ್ಕ ತಪ್ಪುತ್ತದೆ. ಬೆಕ್ಕು ಓಡಾಡಿದರೂ ಅಷ್ಟೇ. ಮಳೆಗಾಲದಲ್ಲಿ ಕರೆಂಟ್ ಕತೆ ಗೊತ್ತಲ್ವಾ, ಸೆನ್ಸರ್ ಸೆಲ್‌ನಲ್ಲಿ ನಡೆದರೂ ವೈಫೈಗೆ ಯುಪಿಎಸ್ ಬೇಕೇ ಬೇಕು.

ಮೊದಲ ಎರಡು ವಾರ ಏನೂ ತೀರ್ಮಾನ ಮಾಡಬೇಡಿ. ರಾತ್ರಿ ಎಷ್ಟು ಸಲ ಎದ್ದರು, ಮಂಚದಿಂದ ಬಚ್ಚಲಿಗೆ ಎಷ್ಟು ಹೊತ್ತು ಹಿಡಿಯಿತು ಅಂತ ನೋಡುತ್ತಾ ಬನ್ನಿ, ಪಕ್ಕದಲ್ಲೇ ಲೆವೊಡೋಪಾ (ಪಾರ್ಕಿನ್ಸನ್‌ಗೆ ಕೊಡುವ ಔಷಧ) ಮಾತ್ರೆ ತಗೊಂಡ ಸಮಯವನ್ನೂ ಬರೆಯಿರಿ, ಯಾಕಂದರೆ ಮಾತ್ರೆಯ ಬಲ ಇಳಿಯುವ ಹೊತ್ತಿಗೆ ನಡಿಗೆ ನಿಧಾನ ಆಗುವುದು ತುಂಬಾ ಜನರಲ್ಲಿ ಉಂಟು. ಆಮೇಲಿನ ವಾರಗಳಲ್ಲಿ ಅವರ ಮಾಮೂಲಿ ಲೆಕ್ಕಕ್ಕಿಂತ ಜಾಸ್ತಿ ಆದರೆ ಆ ಹಾಳೆ ಡಾಕ್ಟರಿಗೆ ತೋರಿಸಿ. ಮಾತ್ರೆ ನೀವೇ ಹೆಚ್ಚು ಕಡಿಮೆ ಮಾಡಬೇಡಿ. ಮಲಗಿದ್ದಾಗ ಒಮ್ಮೆ, ಎದ್ದು ನಿಂತ 3 ನಿಮಿಷದೊಳಗೆ ಒಮ್ಮೆ ಬಿಪಿ ನೋಡಿ. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ಅದನ್ನೂ ಹೇಳಿ, ಎದ್ದ ಕೂಡಲೇ ತಲೆ ಸುತ್ತಿ ಬೀಳುವುದು ಇದರಿಂದಲೂ ಇರಬಹುದು.

ಬಿದ್ದರೆ ಈ ಮೂರು ಸೆನ್ಸರ್‌ಗೂ ಗೊತ್ತಾಗುವುದಿಲ್ಲ. ಅದಕ್ಕೆ ಕೈಗೆ ಕಟ್ಟುವ, ಬಿದ್ದದ್ದನ್ನು ಗುರುತಿಸುವ ವಾಚ್ ಬೇಕು, ಅದೂ ಪ್ರತಿ ಸಲ ಹಿಡಿಯುತ್ತದೆ ಅಂತ ನಂಬಬೇಡಿ. ಬಚ್ಚಲ ಬಾಗಿಲು ಮಾಮೂಲಿಗಿಂತ ಜಾಸ್ತಿ ಹೊತ್ತು ಮುಚ್ಚಿದ್ದರೆ ಫೋನ್ ಬಡಿಯುವ ಹಾಗೆ ಮಾಡಿಡಿ. ಆದರೆ ಯಾರ ಫೋನ್? ನಾನು ಮೊದಲು ಬೆಂಗಳೂರಿನಲ್ಲಿರುವ ತಮ್ಮನ ನಂಬರ್ ಹಾಕಿದ್ದೆ. ರಾತ್ರಿ ಮೂರು ಗಂಟೆಗೆ ಅವನು ಅಲ್ಲಿಂದ ಏನು ಮಾಡಿಯಾನು? ಈಗ ತೋಟದ ಆಚೆ ಬದಿಯ ಮನೆಯವರ ನಂಬರ್ ಇದೆ, ಅವರ ಹತ್ತಿರ ನಮ್ಮ ಹಿತ್ತಲ ಬಾಗಿಲ ಕೀಲಿಯೂ ಇದೆ.