ಯೀಸ್ಟ್, ನೀಲಿ ಬೆಳಕು ಮತ್ತು ಒಂದು ಕೆಂಪು ಬಲ್ಬು: ಡಿಎನ್‌ಎ ದುರಸ್ತಿಯನ್ನು ಕಣ್ಣಾರೆ ಕಂಡ ಅನುಭವ

ಮಡಿಕೇರಿಯಲ್ಲಿ ಪದವಿ ವಿದ್ಯಾರ್ಥಿಗಳಿಗೆ ನಾನು ಜೀವಶಾಸ್ತ್ರ ಕಲಿಸುತ್ತೇನೆ. ಹಾನಿಗೊಂಡ ಡಿಎನ್‌ಎಯನ್ನು ಜೀವಕೋಶ ತಾನೇ ಸರಿಪಡಿಸಿಕೊಳ್ಳುತ್ತದೆ ಎಂದು ಎಷ್ಟು ವರ್ಷ ಹೇಳಿದರೂ, ಅದು ಮಕ್ಕಳಿಗೆ ಪರೀಕ್ಷೆಗೆಂದು ನೆನಪಿಟ್ಟುಕೊಳ್ಳುವ ಒಂದು ವಾಕ್ಯವಾಗಿಯೇ ಉಳಿಯುತ್ತಿತ್ತು. ಆ ದುರಸ್ತಿ ನಡೆಯುವುದನ್ನು ಅವರ ಕಣ್ಣಿಗೆ ಕಾಣಿಸಬೇಕೆಂಬ ಹಂಬಲದಿಂದ, ಬೇಕರಿಯವರು ಬಳಸುವ ಒಣ ಯೀಸ್ಟನ್ನೇ ತಂದು ಒಂದು ಮಳೆಗಾಲದಲ್ಲಿ ಪ್ರಯೋಗಕ್ಕೆ ಇಳಿದೆ.

ಪ್ರಯೋಗಾಲಯದ ಕ್ರಿಮಿನಾಶಕ ದೀಪದಿಂದ ಹೊರಡುವ 254 ನ್ಯಾನೋಮೀಟರಿನ ನೇರಳಾತೀತ ಕಿರಣವನ್ನು ಡಿಎನ್‌ಎ ಹೀರಿಕೊಂಡಾಗ, ಒಂದೇ ಎಳೆಯಲ್ಲಿ ಅಕ್ಕಪಕ್ಕದಲ್ಲಿರುವ ಎರಡು ಥೈಮೀನ್‌ಗಳು (ಡಿಎನ್‌ಎಯ ನಾಲ್ಕು ಅಕ್ಷರಗಳಾದ ಬೇಸ್‌ಗಳಲ್ಲೊಂದು) ಪರಸ್ಪರ ಬೆಸೆದುಕೊಂಡು ಗಂಟಾಗುತ್ತವೆ. ಎಳೆಯನ್ನು ಓದುತ್ತ ನಕಲು ಕಟ್ಟುವ ಪಾಲಿಮರೇಸ್ ಕಿಣ್ವ ಆ ಗಂಟಿನ ಬಳಿ ಬಂದಾಗ ಮುಂದೆ ಸಾಗಲಾರದೆ ನಿಲ್ಲುತ್ತದೆ. ಯೀಸ್ಟ್‌ನ 16 ವರ್ಣತಂತುಗಳಲ್ಲಿರುವ ಸುಮಾರು 1.2 ಕೋಟಿ ಬೇಸ್ ಜೋಡಿಗಳ ನಡುವೆ ಇಂಥ ಗಂಟುಗಳು ಮಿತಿಮೀರಿದರೆ ಕೋಶ ಸಾಯುತ್ತದೆ, ಪೋಷಕಾಂಶ ಬೆರೆಸಿದ ಅಗರ್ ಜೆಲ್ಲಿಯ ತಟ್ಟೆಯ ಮೇಲೆ ಅದರ ಕಾಲೊನಿ, ಅಂದರೆ ಒಂದು ಕೋಶ ಬೆಳೆದು ಹೆಚ್ಚಿ ಕಣ್ಣಿಗೆ ಕಾಣುವ ಚುಕ್ಕೆ, ಮೂಡುವುದಿಲ್ಲ. ಆದರೆ ಯೀಸ್ಟ್‌ನಲ್ಲಿ ಫೋಟೋಲೈಯೇಸ್ ಎಂಬ ಕಿಣ್ವವಿದೆ. ಅದು ಕತ್ತಲಲ್ಲೂ ಗಂಟನ್ನು ಹುಡುಕಿ ಹಿಡಿದುಕೊಳ್ಳುತ್ತದೆ. ಬಿಡಿಸಲು ಮಾತ್ರ ಅದಕ್ಕೆ ನೀಲಿ ಬೆಳಕಿನ ಶಕ್ತಿ ಬೇಕು. ನನಗೆ ಬೇಕಾಗಿದ್ದದ್ದು ಇದೇ ಗುಣ, ಏಕೆಂದರೆ ಬೆಳಕನ್ನು ಕೊಡುವುದೂ ತಡೆಯುವುದೂ ನಮ್ಮ ಕೈಯಲ್ಲಿದೆ.

ಯೀಸ್ಟನ್ನು ಶುದ್ಧೀಕರಿಸಿದ ನೀರಿನಲ್ಲಿ ಕದಡಿ, ಹತ್ತು ಪಟ್ಟಿನ ಲೆಕ್ಕದಲ್ಲಿ ಹಂತ ಹಂತವಾಗಿ ತೆಳುವಾಗಿಸಿ, 0.1 ಮಿಲಿಲೀಟರಿನಂತೆ ಆಲೂಗಡ್ಡೆ ಅಗರ್ ತಟ್ಟೆಗಳ ಮೇಲೆ ಹರಡಿದೆವು. ಪ್ಲಾಸ್ಟಿಕ್ ಮುಚ್ಚಳ ಈ ಕಿರಣವನ್ನು ತಡೆಯುವುದರಿಂದ ಮುಚ್ಚಳ ತೆಗೆದೇ ದೀಪದ ಕೆಳಗೆ ಇಡಬೇಕು; ಕಣ್ಣಿಗೂ ಚರ್ಮಕ್ಕೂ ಅದು ಅಪಾಯಕಾರಿಯಾದ್ದರಿಂದ ಆ ಕೆಲಸವನ್ನು ನಾನೊಬ್ಬನೇ ಕನ್ನಡಕ, ಕೈಗವಸು ಧರಿಸಿ ಮಾಡಿದೆ. ಬಳಿಕ ಅರ್ಧ ತಟ್ಟೆಗಳನ್ನು ಕಪ್ಪು ಕಾಗದದಲ್ಲಿ ಸುತ್ತಿ, ಉಳಿದವನ್ನು ಮುಚ್ಚಳ ಹಾಕಿ ಒಂದು ಗಂಟೆ ಟ್ಯೂಬ್‌ಲೈಟ್ ಕೆಳಗಿಟ್ಟೆವು.

ಮೂರನೆಯ ದಿನ ತೆರೆದು ನೋಡಿದರೆ ಎರಡೂ ಬಗೆಯ ತಟ್ಟೆಗಳಲ್ಲಿ ಕಾಲೊನಿಗಳು ಹೆಚ್ಚುಕಡಿಮೆ ಒಂದೇ ಸಮವಾಗಿದ್ದವು. ದೀಪ ಹಳೆಯದಾಗಿರಬೇಕು ಎಂದುಕೊಂಡೆ, ಕರೆಂಟ್ ಹೋಗಿ ಇನ್‌ಕ್ಯುಬೇಟರ್ ತಣ್ಣಗಾದದ್ದೇ ಕಾರಣವಿರಬಹುದೆಂದೂ ಊಹಿಸಿದೆ. ತಪ್ಪು ನನ್ನದೇ ಎಂದು ತಿಳಿಯಲು ಒಂದು ವಾರ ಹಿಡಿಯಿತು. ಕಿರಣ ತಾಗಿದ ತಟ್ಟೆಗಳನ್ನು ಕಿಟಕಿಯ ಪಕ್ಕದ ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಹೆಸರು ಬರೆದು, ನಿಧಾನವಾಗಿ ಕಾಗದ ಸುತ್ತಿದ್ದೆ. ಹೊರಗೆ ಮಂಜು ಕವಿದು ಎದುರಿನ ಸಿಲ್ವರ್ ಮರಗಳೂ ಕಾಣದಿದ್ದ ದಿನವದು. ಆದರೂ ಆ ಮಸುಕು ಬೆಳಕಿನಲ್ಲಿ ಫೋಟೋಲೈಯೇಸ್‌ಗೆ ಸಾಕಾಗುವಷ್ಟು ನೀಲಿ ಇತ್ತು. 1949ರಲ್ಲಿ ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿ ಆಲ್ಬರ್ಟ್ ಕೆಲ್ನರ್ ಈ ವಿದ್ಯಮಾನವನ್ನು ಕಂಡುಹಿಡಿದದ್ದೂ, ತಮ್ಮ ಫಲಿತಾಂಶಗಳು ದಿನಕ್ಕೊಂದು ರೀತಿ ಏಕೆ ಬರುತ್ತಿವೆ ಎಂದು ಬೆನ್ನುಹತ್ತಿದಾಗಲೇ.

ಎರಡನೆಯ ಸಲ ಕಿಟಕಿಗಳಿಗೆ ಕಂಬಳಿ ಕಟ್ಟಿ, ದೇವರ ಕೋಣೆಯಲ್ಲಿ ಹಾಕುವಂಥ ಜೀರೋ ವಾಟ್ ಕೆಂಪು ಬಲ್ಬಿನ ಬೆಳಕಿನಲ್ಲೇ ಎಲ್ಲವನ್ನೂ ಮಾಡಿದೆವು. ಬೆಳಕು ತಾನಾಗಿ ಯೀಸ್ಟ್‌ನ ಬೆಳವಣಿಗೆಯನ್ನು ಹೆಚ್ಚಿಸುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳಲು, ಕಿರಣ ತಾಗಿಸದ ತಟ್ಟೆಗಳನ್ನೂ ಬೆಳಕಿನಲ್ಲೊಂದು, ಕತ್ತಲಲ್ಲೊಂದು ಇಟ್ಟೆವು. ಈ ಬಾರಿ ಕಪ್ಪು ಕಾಗದ ಬಿಚ್ಚಿದಾಗ ಕಂಡದ್ದು ಅಲ್ಲೊಂದು ಇಲ್ಲೊಂದು ಕೆನೆಬಣ್ಣದ ಚುಕ್ಕೆ ಮಾತ್ರ. ಬೆಳಕು ಕಂಡ ತಟ್ಟೆಯಲ್ಲಿ ಮಾರ್ಕರ್ ಪೆನ್ನಿನಿಂದ ಗುರುತು ಹಾಕುತ್ತ ಎಣಿಸಿದ ಹುಡುಗಿ ನಡುವೆ ಎರಡು ಸಲ ಲೆಕ್ಕ ತಪ್ಪಿ ಮೊದಲಿನಿಂದ ಶುರುಮಾಡಬೇಕಾಯಿತು, ಅಷ್ಟು ಒತ್ತಾಗಿದ್ದವು. ಆ ಎರಡು ತಟ್ಟೆಗಳನ್ನು ಅಕ್ಕಪಕ್ಕ ಹಿಡಿದ ಗಳಿಗೆ ನನಗೆ ಇಂದಿಗೂ ಅಮೂಲ್ಯ.

ನಾಪೋಕ್ಲು ಕಡೆಯ ವಿದ್ಯಾರ್ಥಿಯೊಬ್ಬ ಆಗ ಕೇಳಿದ: “ಸರ್, ಗಂಟು ಬಿದ್ದರೆ ಬಿಡಿಸಬಹುದು, ನಕಲು ಮಾಡುವಾಗಲೇ ಅಕ್ಷರ ತಪ್ಪಿದರೆ ಯಾವುದು ಮೂಲ, ಯಾವುದು ನಕಲು ಎಂದು ಹೇಗೆ ಗೊತ್ತಾಗುತ್ತದೆ?” ಕೊಡಗಿನ ವಂಶಪಾರಂಪರ್ಯ ಹಿಡುವಳಿಯಾದ ಜಮ್ಮಾ ಜಮೀನಿನ ಕಾಗದಪತ್ರಕ್ಕಾಗಿ ಅಲೆದ ಮನೆಯ ಹುಡುಗನಿಗೆ ಸಹಜವಾಗಿ ಹೊಳೆಯುವ ಪ್ರಶ್ನೆ. ಪಾಲಿಮರೇಸ್ ತಾನು ಆಗಷ್ಟೇ ಜೋಡಿಸಿದ ಬೇಸ್ ಹೊಂದದಿದ್ದರೆ ಹಿಂದೆ ಸರಿದು ಅದನ್ನು ಕತ್ತರಿಸಿ ಹಾಕುತ್ತದೆ. ಅದರ ಕಣ್ಣಿಗೂ ತಪ್ಪಿದ್ದನ್ನು ಹಿಡಿಯಲು ಬೇರೆ ಪ್ರೋಟೀನುಗಳಿವೆ. ಇ. ಕೋಲೈ ಬ್ಯಾಕ್ಟೀರಿಯಾದ ಹಳೆಯ ಎಳೆಯ ಮೇಲೆ ಮೀಥೈಲ್ ಎಂಬ ಸಣ್ಣ ರಾಸಾಯನಿಕ ಗುರುತುಗಳಿರುತ್ತವೆ, ಹೊಸ ಎಳೆಗೆ ಅವು ಸ್ವಲ್ಪ ತಡವಾಗಿ ಬೀಳುತ್ತವೆ. ಆ ಅಂತರದಲ್ಲಿ ಗುರುತಿಲ್ಲದ ಎಳೆಯೇ ನಕಲು ಎಂದು ತಿಳಿದು ತಿದ್ದುಪಡಿ ನಡೆಯುತ್ತದೆ. ಇದನ್ನು ಬಿಡಿಸಿ ತೋರಿಸಿದ ಪಾಲ್ ಮೋಡ್ರಿಚ್‌ಗೂ, ಫೋಟೋಲೈಯೇಸ್ ಮೇಲೆ ದೀರ್ಘಕಾಲ ಕೆಲಸ ಮಾಡಿದ ಅಜೀಜ್ ಸಂಜಾರ್‌ಗೂ, ತೋಮಸ್ ಲಿಂಡಾಲ್ ಜೊತೆಗೆ 2015ರ ರಸಾಯನಶಾಸ್ತ್ರದ ನೊಬೆಲ್ ಸಂದಿತು.

ನಮ್ಮ ಚರ್ಮದ ಕೋಶಗಳಲ್ಲಿ ಫೋಟೋಲೈಯೇಸ್ ಇಲ್ಲ. ತೋಟದಲ್ಲಿ ಬಿಸಿಲಿಗೆ ನಿಂತು ಕಾಫಿ ಕೊಯ್ಯುವವರ ಡಿಎನ್‌ಎಯಲ್ಲಿ ಬಿದ್ದ ಗಂಟನ್ನು, ಸುತ್ತಲಿನ ಸುಮಾರು 30 ಬೇಸ್‌ಗಳ ತುಂಡಿನ ಸಮೇತ ಕತ್ತರಿಸಿ ತೆಗೆದು, ಎದುರಿನ ಎಳೆಯನ್ನು ನೋಡಿ ಹೊಸದಾಗಿ ತುಂಬಲಾಗುತ್ತದೆ. ಈ ವಿಧಾನಕ್ಕೆ ಬೆಳಕು ಬೇಡ. ಯೀಸ್ಟ್‌ನಲ್ಲೂ ಅದು ಇದೆ. ಕಪ್ಪು ಕಾಗದದೊಳಗೂ ಕೆಲವು ಕಾಲೊನಿಗಳು ಉಳಿದದ್ದಕ್ಕೆ ಅದೂ ಒಂದು ಕಾರಣ. ಈ ಮಳೆಗಾಲದಲ್ಲಿ ತಟ್ಟೆಗಳನ್ನು ಒಂದು, ಎರಡು, ನಾಲ್ಕು ಗಂಟೆ ಕತ್ತಲಲ್ಲಿಟ್ಟು ಆಮೇಲೆ ಬೆಳಕಿಗೆ ತಂದು, ತಡವಾದಷ್ಟೂ ಬೆಳಕು ಉಳಿಸುವ ಕೋಶಗಳು ಎಷ್ಟು ಕಡಿಮೆಯಾಗುತ್ತವೆ ಎಂದು ಎಣಿಸಲಿದ್ದೇವೆ. ಕಂಬಳಿಗಳನ್ನು ಈಗಾಗಲೇ ಒಗೆದು ಇಟ್ಟಾಗಿದೆ.