ಟಿ-ಟೆಸ್ಟ್, ಅನೋವಾ ಓಡಿಸುವ ಮುಂಚೆ ನಾನು ಕೇಳುವುದು

ಗುಂಪುಗಳ ಸರಾಸರಿ ನಿಜಕ್ಕೂ ಬೇರೆಯೇ ಅಂತ ನೋಡುವ ಲೆಕ್ಕಗಳಿವು: ಎರಡು ಗುಂಪಿಗೆ ಟಿ-ಟೆಸ್ಟ್, ಹೆಚ್ಚಿದ್ದರೆ ಅನೋವಾ. ಕೃಷಿ ಪ್ರಯೋಗದ ಡೇಟಾ ಹಿಡಿದು ಯಾರಾದರೂ ಬಂದರೆ ನಾನು ಮೊದಲು ಕೇಳುವುದು ಇಷ್ಟೇ: ಗೊಬ್ಬರ ಕೊಟ್ಟಿದ್ದು ಗಿಡಕ್ಕೋ, ತಾಕಿಗೋ? ಬಂದವರು ನಾರ್ಮಾಲಿಟಿ, ಅಂದರೆ ಅಂಕಿಗಳು ಗಂಟೆಯಾಕಾರದಲ್ಲಿ ಹರಡಿವೆಯೇ ಎನ್ನುವುದರ ಬಗ್ಗೆ ತಲೆ ಕೆಡಿಸಿಕೊಂಡಿರುತ್ತಾರೆ. ಈ ಪ್ರಶ್ನೆ ಅವರಿಗೆ ಸುಮ್ನೆ ಅನ್ನಿಸುತ್ತದೆ.

ಒಂದು ರಾಗಿ ಪ್ರಯೋಗ ನೋಡಿ. ಮೂರು ಬಗೆಯ ಗೊಬ್ಬರ, ಒಂದೊಂದಕ್ಕೆ ನಾಲ್ಕು ತಾಕು, ತಾಕಿಗೆ ಹತ್ತು ಗಿಡ ಆರಿಸಿ ತೆಂಡೆ ಎಣಿಸಿದ್ದರು. ಎಕ್ಸೆಲ್‌ನಲ್ಲಿ 120 ಸಾಲು. ಹಾಗೇ ಅನೋವಾಕ್ಕೆ ಕೊಟ್ಟರೆ ಎರರ್ ಡಿಗ್ರೀಸ್ ಆಫ್ ಫ್ರೀಡಂ (ಏರುಪೇರನ್ನು ಅಂದಾಜಿಸಲು ಉಳಿಯುವ ಸ್ವತಂತ್ರ ಅಂಕಿಗಳ ಲೆಕ್ಕ) 117 ಬರುತ್ತದೆ. ಎಫ್ ಬೆಲೆ (ಗುಂಪುಗಳ ನಡುವಿನ ವ್ಯತ್ಯಾಸ ಗುಂಪಿನೊಳಗಿನ ಏರುಪೇರಿನ ಎಷ್ಟು ಪಟ್ಟು ಎನ್ನುವುದು) 3.07 ದಾಟಿದರೆ ಸಾಕು, ಶೇ 5ರ ಮಟ್ಟದಲ್ಲಿ ವ್ಯತ್ಯಾಸ ಇದೆ ಅಂದುಬಿಡುತ್ತದೆ. ಆದರೆ ಒಂದೇ ತಾಕಿನ ಗಿಡಗಳಿಗೆ ಮಣ್ಣು ಒಂದೇ, ತೇವ ಒಂದೇ. ಒಂದಕ್ಕೊಂದು ಸಂಬಂಧವಿಲ್ಲದ 120 ಅಳತೆಗಳಲ್ಲ ಅವು. ತಾಕಿಗೊಂದು ಸರಾಸರಿ ತೆಗೆದೆ. ಉಳಿದದ್ದು 12 ಅಂಕಿ. ಈಗ ಡಿಗ್ರೀಸ್ 9, ದಾಟಬೇಕಾದ ಎಫ್ 4.26. ಬ್ಲಾಕ್ ಮಾಡಿ, ಅಂದರೆ ಒಂದೇ ಬಗೆಯ ನೆಲದ ತಾಕುಗಳನ್ನು ಗುಂಪು ಮಾಡಿ ಬಿತ್ತಿದ್ದರೆ 6 ಮತ್ತು 5.14.

‘ಹಾಗಾದ್ರೆ ಅಷ್ಟೊಂದು ಎಣಿಸಿದ್ದು ದಂಡ ಅಲ್ವಾ ಸರ್?’ ಅಂದ ಡೇಟಾ ತಂದಿದ್ದ ಹುಡುಗ. ದಂಡ ಏನಿಲ್ಲ. ಹತ್ತು ಗಿಡ ಎಣಿಸಿದ್ದರಿಂದ ತಾಕಿನ ಸರಾಸರಿ ಗಟ್ಟಿಯಾಯಿತು. ತಾಕು ಮಾತ್ರ ಹೆಚ್ಚಾಗಲಿಲ್ಲ.

ಇದು ತಪ್ಪಿದರೆ ಮುಂದೆ ಯಾವ ಟೆಸ್ಟೂ ಕಾಪಾಡುವುದಿಲ್ಲ. ಅಂಕಿಗಳ ಬದಲು ಅವುಗಳ ಕ್ರಮಾಂಕ ನೋಡುವ ಕ್ರುಸ್ಕಲ್-ವಾಲಿಸ್ ಟೆಸ್ಟ್‌ಗೆ ಷರತ್ತೇ ಇಲ್ಲ ಅಂತ ನಂಬಿದವರು ಬಹಳ. ಅದಕ್ಕೂ ಸ್ವತಂತ್ರ ಅಳತೆಗಳೇ ಬೇಕು.

ನಾರ್ಮಾಲಿಟಿಗೆ ನಾನು ಜಾಸ್ತಿ ಹೊತ್ತು ಕೊಡುವುದಿಲ್ಲ. ನೋಡಬೇಕಾದ್ದು ಮೂಲ ಅಂಕಿಗಳನ್ನಲ್ಲ, ರೆಸಿಡ್ಯುಯಲ್‌ಗಳನ್ನು, ಅಂದರೆ ಅಂಕಿಯಿಂದ ಅದರ ಗುಂಪಿನ ಸರಾಸರಿ ಕಳೆದರೆ ಉಳಿಯುವುದನ್ನು. ಗೊಬ್ಬರ ಚೆನ್ನಾಗಿ ಕೆಲಸ ಮಾಡಿದ್ದರೆ ಎಲ್ಲ ಅಂಕಿ ಸೇರಿಸಿ ಬರೆದ ಹಿಸ್ಟೋಗ್ರಾಂನಲ್ಲಿ ಎರಡು ಗುಡ್ಡ ಏಳುವುದು ಸಹಜ. ನಾರ್ಮಾಲಿಟಿ ನೋಡುವ ಶಪಿರೋ-ವಿಲ್ಕ್ ಟೆಸ್ಟ್ ಡೇಟಾ ಕಡಿಮೆ ಇದ್ದಾಗ ದೋಷವನ್ನೇ ಕಾಣುವುದಿಲ್ಲ, ಜಾಸ್ತಿ ಇದ್ದಾಗ ಚಿಲ್ಲರೆ ದೋಷಕ್ಕೂ ಕೂಗುತ್ತದೆ. ಕ್ಯೂ-ಕ್ಯೂ ಪ್ಲಾಟ್ (ನಾರ್ಮಲ್ ಇದ್ದರೆ ಚುಕ್ಕೆಗಳು ನೇರ ಗೆರೆಯಲ್ಲಿ ಬೀಳುವ ಚಿತ್ರ) ಒಂದು ಸಲ ನೋಡಿ ಮುಂದೆ ಹೋಗುತ್ತೇನೆ.

ವೇರಿಯನ್ಸ್, ಅಂದರೆ ಅಂಕಿಗಳ ಹರಡಿನ ಅಳತೆಯ ವಿಷಯ ಹಾಗಲ್ಲ. ಚಿಕ್ಕ ಗುಂಪಿನಲ್ಲೇ ಏರುಪೇರು ಜಾಸ್ತಿ ಇದ್ದರೆ ಹಳೆಯ ಟಿ-ಟೆಸ್ಟ್ ಇಲ್ಲದ ವ್ಯತ್ಯಾಸವನ್ನೂ ಇದೆ ಅನ್ನುತ್ತದೆ. ಅದಕ್ಕೇ ವೇರಿಯನ್ಸ್ ಸಮವೇ ಅಂತ ನೋಡುವ ಲೆವೀನ್ ಟೆಸ್ಟ್ ಮಾಡಿ ನಿರ್ಧರಿಸುವ ಗೋಜಿಗೆ ಹೋಗದೆ, ಅವು ಸಮ ಇರಬೇಕೆಂದು ಕೇಳದ ವೆಲ್ಚ್ ಟೆಸ್ಟನ್ನೇ ನೇರ ಹಿಡಿಯುತ್ತೇನೆ. ಆರ್ ಎಂಬ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್‌ನಲ್ಲಿ ನೀವೇನೂ ಹೇಳದಿದ್ದರೂ ಟಿ-ಟೆಸ್ಟ್ ಅಂದರೆ ವೆಲ್ಚೇ.

ಕೀಟಗಳ ಎಣಿಕೆಗೆ ವೆಲ್ಚ್ ಕೂಡ ಸಾಲದೆ ಬರಬಹುದು. ಆರ್ ಜೊತೆಗೇ ಬರುವ ‘ಇನ್ಸೆಕ್ಟ್‌ಸ್ಪ್ರೇಸ್’ ಎಂಬ ಕೀಟನಾಶಕ ಪ್ರಯೋಗದ ಡೇಟಾದಲ್ಲಿ ‘ಸಿ’ ಹೆಸರಿನ ಔಷಧದ ಸರಾಸರಿ ಸುಮಾರು 2, ವೇರಿಯನ್ಸ್ ಸುಮಾರು 4. ‘ಎಫ್’ ಹೆಸರಿನ ಔಷಧಕ್ಕೆ ಸುಮಾರು 17 ಮತ್ತು 39. ಸರಾಸರಿ ಏರಿದಂತೆ ಹರಡೂ ಏರುತ್ತದೆ. ಇಂಥ ಕಡೆ ವರ್ಗಮೂಲ ತೆಗೆದು ಅನೋವಾ ಮಾಡುವುದು ಹಳೆಯ ರೂಢಿ. ನಾನು ಎಣಿಕೆಗೆಂದೇ ಇರುವ ನೆಗೆಟಿವ್ ಬೈನಾಮಿಯಲ್ ಮಾದರಿ ಹಾಕುತ್ತೇನೆ. ಗೈಡ್ ಒಪ್ಪದಿದ್ದರೆ ವರ್ಗಮೂಲವೇ ಇರಲಿ, ಜಗಳ ಬೇಡ ಅಂತ ಹುಡುಗರಿಗೆ ಹೇಳಿ ಕಳಿಸುತ್ತೇನೆ.